ಕಾಡಿನ ಮಕ್ಕಳ ಬೇಸಿಗೆ, ಕಲೆಯ ಕಲಿಕೆ

(ಮಹದೇವಪುರದ ಕೇಳುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಸಿಂಗಯ್ಯನಪಾಳ್ಯದಲ್ಲಿ ಮೆಟ್ರೊ ರೈಲು ಹತ್ತಿ ಗರುಡಾಚಾರ್‌ಪಾಳ್ಯ, ಹೂಡಿ ದಾಟಿ ಪಟ್ಟಂದೂರು ಅಗ್ರಹಾರ ತಲುಪುವಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಎಷ್ಟು ಮಂದಿ ಕಾಣುತ್ತಾರೆಂದು ಎಣಿಸುವುದು ಕಷ್ಟ. ಅವರಲ್ಲಿ ಹಲವರು ಇನ್ನೂ ಕಾಲೇಜು ಮುಗಿಸಿರುವುದಿಲ್ಲ. ಎರಡು ತಿಂಗಳೋ ಮೂರು ತಿಂಗಳೋ ಯಾವುದಾದರೊಂದು ಕಂಪೆನಿಯಲ್ಲಿ ಕೆಲಸ ಕಲಿಯಲು ಬಂದವರು. ಇಂಟರ್ನ್‌ಶಿಪ್ ಎಂಬ ಮಾತು ಮಹದೇವಪುರಕ್ಕೆ ಈಗ ಹೊಸದಲ್ಲ. ಬಾಡಿಗೆಗೆ ಕೋಣೆ ಕೊಡುವ ಮನೆಯೊಡತಿಯೂ ‘ಪರ್ಮನೆಂಟಾ, ಇಂಟರ್ನಾ?’ ಎಂದು ವಿಚಾರಿಸಿಯೇ ಮುಂಗಡದ ಮಾತಿಗೆ ಬರುತ್ತಾರೆ.

ಈ ಇಂಟರ್ನ್‌ಶಿಪ್ಪನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಬಹಳ ಹಳೆಯ ಏರ್ಪಾಡೊಂದು ಕಾಣುತ್ತದೆ. ಹೇಳಿಕೊಡಲು ಒಬ್ಬ ಹಿರಿಯರಿರುತ್ತಾರೆ. ಕಲಿಯುವ ಹೊತ್ತಿನಲ್ಲೇ ಕೈಗೆ ಒಂದಿಷ್ಟು ಶಿಷ್ಯವೇತನ ಬರುತ್ತದೆ. ಕಲಿತದ್ದು ನಾಳೆ ಅನ್ನಕ್ಕೆ ದಾರಿಯಾದೀತೆಂಬ ಭರವಸೆಯೂ ಜೊತೆಗಿರುತ್ತದೆ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಬಾಲಗೋಪಾಲ ವೇಷದಿಂದ ಮೇಲೇರಿದ್ದು, ಬಡಗಿಯ ಜೊತೆ ಉಳಿ ಹಿಡಿದು ಹೋದವನು ಮೇಸ್ತ್ರಿಯಾದದ್ದು ಇದೇ ರೀತಿಯಲ್ಲಿ. ಇಂಜಿನಿಯರಿಂಗ್ ಓದುವವರಿಗೆ ಸಲ್ಲುತ್ತಿರುವ ಈ ಏರ್ಪಾಡು ಡೋಲು ಬಾರಿಸುವ, ಹಾಡುವ, ಕೌದಿ ಹೊಲಿಯುವ, ನಾಟಕವಾಡುವ ಆದಿವಾಸಿ ತರುಣ ತರುಣಿಯರಿಗೂ ಸಲ್ಲಬೇಡವೇ ಎಂಬುದು ಈ ಉಪನ್ಯಾಸದ ಪ್ರಶ್ನೆ. ಸಲ್ಲಬೇಕೆಂದು ಹೇಳುವುದು ಸುಲಭ. ಎಲ್ಲಿ, ಯಾವಾಗ, ಯಾರ ಕೈಕೆಳಗೆ ಎಂದು ಕೇಳಿದಾಗ ಮಾತು ಗಟ್ಟಿಯಾಗುತ್ತದೆ.

ಬೆಂಗಳೂರಿನಲ್ಲಿ ಬೇಸಿಗೆ ಬಂತೆಂದರೆ ಶಿಬಿರಗಳ ಸುಗ್ಗಿ. ವೈಟ್‌ಫೀಲ್ಡ್‌ನಿಂದ ಇಂದಿರಾನಗರದವರೆಗೆ ಅಪಾರ್ಟ್‌ಮೆಂಟುಗಳ ಸೂಚನಾ ಫಲಕಗಳಲ್ಲಿ ಮಣ್ಣಿನ ಕೆಲಸ, ಕುಣಿತ, ಚಿತ್ರಕಲೆಯ ಪ್ರಕಟಣೆಗಳು. ಈ ಚಿತ್ರಕಲೆಯ ಪಟ್ಟಿಯಲ್ಲಿ ವಾರ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಭಾಗದ ಆದಿವಾಸಿ ಹೆಂಗಸರು ಮದುವೆಯ ಕಾಲಕ್ಕೆ ಅಕ್ಕಿಹಿಟ್ಟನ್ನು ಕಲಸಿ ಮಣ್ಣಿನ ಗೋಡೆಗೆ ಬರೆಯುತ್ತಿದ್ದ ಚಿತ್ರ ಅದು. ಜೀವ್ಯಾ ಸೋಮಾ ಮಾಶೆ ಅವರಿಂದ ಕಾಗದಕ್ಕೂ ಕ್ಯಾನ್ವಾಸಿಗೂ ಇಳಿದು ದೇಶವಿದೇಶಗಳಿಗೆ ಹೋಯಿತು; 2011ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಪಟ್ಟಣದ ಮಕ್ಕಳು ಹಣ ಕೊಟ್ಟು ಆದಿವಾಸಿಗಳ ಕಲೆ ಕಲಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಏಪ್ರಿಲ್‌, ಮೇ ತಿಂಗಳಲ್ಲಿ ಆದಿವಾಸಿಗಳ ಮಕ್ಕಳು ಏನು ಕಲಿಯುತ್ತಿರುತ್ತಾರೆ?

ಇದಕ್ಕೆ ಉತ್ತರ ಹುಡುಕುವ ಮುನ್ನ ನಮ್ಮ ರಾಜ್ಯದ ಲೆಕ್ಕವನ್ನು ಒಮ್ಮೆ ನೋಡಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರ ಸಂಖ್ಯೆ ಸುಮಾರು 42.5 ಲಕ್ಷ, ಅಂದರೆ ಜನಸಂಖ್ಯೆಯ ಶೇ 6.95. ಅದರಲ್ಲಿ ಮುಕ್ಕಾಲು ಪಾಲು ನಾಯಕ ಸಮುದಾಯದವರು. ಕಾಡಿನ ಆಸರೆಯಲ್ಲಿ ಬದುಕಿದ ಸಮುದಾಯಗಳು ಬಹಳ ಚಿಕ್ಕವು. ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು 34 ಸಾವಿರ, ಕೊರಗರು 15 ಸಾವಿರ, ಸಿದ್ದಿಗಳು 10 ಸಾವಿರ ಚಿಲ್ಲರೆ. ಮಹದೇವಪುರದ ಒಂದೆರಡು ವಾರ್ಡುಗಳಲ್ಲಿ ಇಷ್ಟೂ ಮಂದಿಯನ್ನು ಕೂರಿಸಬಹುದು. ಇಷ್ಟು ಸಣ್ಣ ಸಮುದಾಯದಲ್ಲಿ ಹಾಡು ಬಲ್ಲ ಹಿರಿಯರೊಬ್ಬರು ತೀರಿಕೊಂಡರೆ ಆ ಹಾಡನ್ನು ಬಲ್ಲ ಇನ್ನೊಬ್ಬರನ್ನು ಹುಡುಕುವುದು ಸುಲಭವಲ್ಲ.

ಇನ್ನು ಈ ಮಕ್ಕಳ ವರ್ಷ ಹೇಗೆ ಕಳೆಯುತ್ತದೆ? ಹಾಡಿಯಲ್ಲೋ ಪೋಡಿನಲ್ಲೋ ಹುಟ್ಟಿದ ಮಗು ಆರು ವರ್ಷಕ್ಕೆ ಆಶ್ರಮ ಶಾಲೆ ಸೇರುತ್ತದೆ. ಊಟ, ವಸತಿ, ಪಾಠ ಎಲ್ಲವೂ ಅಲ್ಲೇ. ಆಮೇಲೆ ವಸತಿ ಶಾಲೆ, ಅದಾದ ಮೇಲೆ ತಾಲ್ಲೂಕು ಕೇಂದ್ರದ ಹಾಸ್ಟೆಲು. ಓದು ಬೇಕೇ ಬೇಕು, ಈ ಶಾಲೆಗಳು ಇಲ್ಲದಿದ್ದರೆ ಅನೇಕರಿಗೆ ಅಕ್ಷರವೇ ಸಿಗುತ್ತಿರಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ಅಷ್ಟಾಗಿ ಯಾರೂ ಗಮನಿಸಿದಂತಿಲ್ಲ. ವರ್ಷದ ಹತ್ತು ತಿಂಗಳು ಮಗು ಅಜ್ಜ ಅಜ್ಜಿಯರಿಂದ ದೂರ. ರಾತ್ರಿ ಬೆಂಕಿಯ ಸುತ್ತ ಕುಳಿತು ಕೇಳಬೇಕಾದ ಕಥೆ, ಹಬ್ಬದ ರಾತ್ರಿ ಕಾಲು ಸೇರಿಸಿ ಕಲಿಯಬೇಕಾದ ಕುಣಿತ ಆ ಹತ್ತು ತಿಂಗಳಲ್ಲಿ ನಡೆದುಹೋಗಿರುತ್ತವೆ. ಮಗು ಮನೆಗೆ ಬರುವುದು ದಸರೆಗೆ ಕೆಲವು ದಿನ, ಬೇಸಿಗೆಗೆ ಒಂದೂವರೆ ತಿಂಗಳು.

ಹಾಗಾಗಿ ಆದಿವಾಸಿ ಮಕ್ಕಳ ಪಾಲಿಗೆ ಬೇಸಿಗೆಯೇ ತಮ್ಮವರಿಂದ ಕಲಿಯುವ ಕಾಲ. ಪಟ್ಟಣದ ಮಕ್ಕಳಿಗೆ ಶಾಲೆಯಿಂದ ಬಿಡುವು ಸಿಕ್ಕಂತೆ ಇವರಿಗೆ ಮನೆಯೆಂಬ ಶಾಲೆ ಬಾಗಿಲು ತೆರೆಯುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಪ್ರತಿಭಾವಂತ ಗಿರಿಜನ ಮಕ್ಕಳನ್ನು ಆರಿಸಿ ರಾಜಧಾನಿಗೆ ಕರೆತಂದು ತರಬೇತಿ ಕೊಡೋಣ’ ಎಂದು ಹೊರಡುವವರು ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಆ ಮಕ್ಕಳಿಗೆ ಉಳಿದಿರುವ ಒಂದೂವರೆ ತಿಂಗಳನ್ನೂ ಕಿತ್ತುಕೊಂಡಂತಾಗುತ್ತದೆ.

ಬೇಸಿಗೆಯ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಹದಿನಾರು, ಹದಿನೆಂಟು ದಾಟಿದವರಿಗೆ ಅದು ದುಡಿಮೆಯ ಕಾಲ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರು ಹೆಜ್ಜೇನು ಕೀಳುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ. ಉತ್ತರ ಕನ್ನಡದಲ್ಲಿ ಮುರುಗಲು ಹಣ್ಣಾಗುವುದು ಅದೇ ದಿನಗಳಲ್ಲಿ. ತೋಟದ ಕೆಲಸ, ಗಾರೆ ಕೆಲಸ ಎಂದು ಕೂಲಿಗೆ ಕರೆ ಬರುವುದೂ ಆಗಲೇ. ಇಂಥವರಿಗೆ ‘ಬನ್ನಿ, ಉಚಿತವಾಗಿ ನಾಟಕ ಕಲಿಸುತ್ತೇವೆ’ ಎಂದರೆ ಅದು ಉಚಿತವಾಗುವುದಿಲ್ಲ. ಒಂದು ದಿನ ತಾಲೀಮಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಶಿಷ್ಯವೇತನವನ್ನು ಪ್ರೋತ್ಸಾಹಧನವೆಂದು ಕರೆಯುವ ರೂಢಿ ನಮ್ಮ ಇಲಾಖೆಗಳಲ್ಲಿದೆ. ಅದು ಕಳೆದುಕೊಂಡ ಕೂಲಿಯ ಭರ್ತಿ ಎಂದು ತಿಳಿದರೆ ಮೊತ್ತ ಎಷ್ಟಿರಬೇಕೆಂಬ ಗೊಂದಲವೇ ಉಳಿಯದು.

ಹೊರದೇಶಗಳಲ್ಲಿ ಮೂಲನಿವಾಸಿ ತರುಣರಿಗೆ ಅವರ ಊರಿನಲ್ಲೇ ಕಲಾ ತರಬೇತಿ ಎಂಬ ವಿಚಾರಕ್ಕೆ ಇಷ್ಟು ಮಹತ್ವ ಬಂದುದರ ಹಿಂದೆ ಕಹಿಯಾದ ಇತಿಹಾಸವಿದೆ. ಕೆನಡಾದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ವಸತಿ ಶಾಲೆಗಳಲ್ಲಿ ಇಡಲಾಯಿತು. ಅವರ ನುಡಿ ಆಡಿದರೆ ಅಲ್ಲಿ ಶಿಕ್ಷೆ. ಪಶ್ಚಿಮ ಕರಾವಳಿಯ ಜನರ ಪಾಟ್‌ಲ್ಯಾಚ್ ಎಂಬ ದೊಡ್ಡ ಕೂಟವನ್ನು, ಅಂದರೆ ಹಾಡು, ಕುಣಿತ, ಮುಖವಾಡಗಳೆಲ್ಲ ಸೇರುವ ಹಬ್ಬವನ್ನೇ, 1885ರಿಂದ 1951ರವರೆಗೆ ಕಾನೂನು ನಿಷೇಧಿಸಿತ್ತು. ಆ ಶಾಲೆಗಳಲ್ಲಿ ಕಳೆದ ಮಕ್ಕಳ ಸಂಖ್ಯೆ ಒಂದೂವರೆ ಲಕ್ಷವೆಂದು ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ವರದಿ ಕೊಟ್ಟಿತು. ನಮ್ಮ ಆಶ್ರಮ ಶಾಲೆಗಳನ್ನು ಅವುಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಇಲ್ಲಿ ಬಲವಂತವಿಲ್ಲ, ಮಕ್ಕಳು ರಜೆಗೆ ಮನೆಗೆ ಬರುತ್ತಾರೆ. ಆದರೂ ಅಜ್ಜಿಗೂ ಮೊಮ್ಮಗಳಿಗೂ ನಡುವಿನ ದಾರ ಹೇಗೆ ಕಡಿಯುತ್ತದೆ, ಕಡಿದದ್ದನ್ನು ಕಟ್ಟಲು ಎಷ್ಟು ಕಾಲ ಬೇಕಾಗುತ್ತದೆ ಎಂಬುದನ್ನು ಅಲ್ಲಿಂದ ತಿಳಿಯಬಹುದು.

ಆಸ್ಟ್ರೇಲಿಯದ ನಡುಗಾಡಿನ ಪಪುನ್ಯಾ ಎಂಬ ವಸಾಹತಿನ ಕಥೆ ಚಿಕ್ಕದು. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ಶಾಲೆಯ ಗೋಡೆಯ ಮೇಲೆ ಚಿತ್ರ ಬರೆಸಲು ಯೋಚಿಸಿದರು. ಅದಕ್ಕೆ ಮುಂದೆ ಬಂದವರು ಊರಿನ ಹಿರಿಯರು. ತಮ್ಮ ಪುರಾಣದ ಜೇನಿರುವೆಯನ್ನು ಅವರು ಆ ಗೋಡೆಯ ಮೇಲೆ ಬರೆದರು. ಕೆಲವೇ ವರ್ಷಗಳಲ್ಲಿ ಆಡಳಿತದವರು ಅದರ ಮೇಲೆ ಬಣ್ಣ ಬಳಿಸಿದರು. ಆದರೆ ಅಷ್ಟರೊಳಗೆ, 1972ರಲ್ಲಿ, ಕಲಾವಿದರು ತಮ್ಮದೇ ಕಂಪೆನಿ ಕಟ್ಟಿಕೊಂಡಿದ್ದರು. ಗೋಡೆ ಹೋದರೂ ಕಂಪೆನಿ ಉಳಿಯಿತು.

ಈಗ ನಮ್ಮ ನಾಡಿಗೆ ಬರೋಣ. ಈ ಬಗೆಯ ಪ್ರಯೋಗವೊಂದು ಕರ್ನಾಟಕದಲ್ಲಿ ನಲವತ್ತು ವರ್ಷಗಳ ಹಿಂದೆಯೇ ನಡೆದಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ಕಾಡುಗಳಲ್ಲಿ ಸಿದ್ದಿ ಜನ ವಾಸಿಸುತ್ತಾರೆ. ಇವರ ಪೂರ್ವಜರನ್ನು ಆಫ್ರಿಕದ ಪೂರ್ವ ತೀರದಿಂದ ಪೋರ್ಚುಗೀಸರೂ ಅರಬ್ಬರೂ ಗುಲಾಮರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಮನೆಯಲ್ಲಿ ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ. ಯಲ್ಲಾಪುರದ ಕಡೆ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ‘ಆಫ್ರಿಕದಿಂದ ಬಂದವರು ಮೂಲನಿವಾಸಿಗಳು ಹೇಗಾದಾರು?’ ಎಂದು ಕೆಲವರು ಕೇಳುವುದುಂಟು. ಶಬ್ದಾರ್ಥಕ್ಕೆ ಅಂಟಿಕೊಂಡರೆ ಪ್ರಶ್ನೆ ಸರಿ. ಆದರೆ ಶತಮಾನಗಳ ಕಾಲ ಕಾಡನ್ನೇ ನಂಬಿದ ಬದುಕು, ಭೂಮಿಯಿಲ್ಲದ ಜೀತ, ಊರವರು ದೂರವಿಟ್ಟ ನೋವು ಇವೆಲ್ಲ ಅವರನ್ನು ಉಳಿದ ಆದಿವಾಸಿಗಳ ಸಾಲಿಗೇ ತಂದು ನಿಲ್ಲಿಸಿವೆ. ಸರಕಾರವೂ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಒಪ್ಪಿತು. 2020ರ ತಿದ್ದುಪಡಿಯಿಂದ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳೂ ಅದರಲ್ಲಿ ಸೇರಿದರು.

ಸಾಗರದ ಬಳಿಯ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1949ರಲ್ಲಿ ಹಳ್ಳಿಯ ನಾಟಕ ಸಂಘವಾಗಿ ಹುಟ್ಟಿದ್ದು. ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿತು. 1983ರಿಂದ 85ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆಯನ್ನು ನಡೆಸಿತು. ನಾಟಕ ಕಲಿಯಲು ಜನ ಹೆಗ್ಗೋಡಿಗೆ ಬರಲಿ ಎಂದು ಕಾಯದೆ, ನಾಟಕವನ್ನೂ ಸಿನಿಮಾವನ್ನೂ ಜನರಿದ್ದಲ್ಲಿಗೆ ಒಯ್ಯುವುದು ಅದರ ಉದ್ದೇಶ. ಆ ಯೋಜನೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳಿಗಾಗಿಯೇ ರಂಗ ಶಿಬಿರ ನಡೆಯಿತು. ನಿರ್ದೇಶಕರು ಚಿದಂಬರರಾವ್ ಜಂಬೆ. ಆಡಿದ ನಾಟಕ ‘ಕಪ್ಪು ಜನ ಕಪ್ಪು ನೆರಳು’. ನೈಜೀರಿಯದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯ ರೂಪಾಂತರ ಅದು.

ಈ ಆಯ್ಕೆಯಲ್ಲೊಂದು ಸ್ವಾರಸ್ಯವಿದೆ. ಆಫ್ರಿಕದ ಮೂಲದವರು ಎಂದು ಆಫ್ರಿಕದ ಕಥೆ ಕೊಟ್ಟರು ಎಂದಷ್ಟೇ ಮೇಲ್ನೋಟಕ್ಕೆ ಅನಿಸಬಹುದು. ಆದರೆ ನೈಜೀರಿಯ ಇರುವುದು ಆಫ್ರಿಕದ ಪಶ್ಚಿಮಕ್ಕೆ. ಸಿದ್ದಿಗಳ ಪೂರ್ವಜರು ಬಂದದ್ದು ಪೂರ್ವ ತೀರದಿಂದ. ಮಂಚಿಕೇರಿಯ ನಟರಿಗೂ ಕಾದಂಬರಿಯ ಇಗ್ಬೊ ಜನರಿಗೂ ವಂಶದ ನಂಟು ಹೇಳುವುದು ಕಷ್ಟ. ನಂಟು ಇದ್ದುದು ಬೇರೆ ಕಡೆ. ಒಕಾಂಕ್ವೊ ಎಂಬ ಗಟ್ಟಿಗನ ಊರಿಗೆ ಹೊರಗಿನವರು ಬರುತ್ತಾರೆ. ಹೊಸ ದೇವರು, ಹೊಸ ಕಾನೂನು, ಹೊಸ ಶಾಲೆ ಬರುತ್ತವೆ. ಅಪ್ಪನ ಕಟ್ಟುನಿಟ್ಟಿಗೆ ಬೇಸತ್ತ ಮಗ ಪಾದ್ರಿಗಳ ಕಡೆ ಹೋಗಿಬಿಡುತ್ತಾನೆ. ಊರು ಎರಡಾಗುತ್ತದೆ. ಊರಿನೊಡೆಯರ ಮುಂದೆ ತಲೆಯೆತ್ತಿ ಮಾತಾಡಿ ರೂಢಿಯಿಲ್ಲದ ಜನ ರಂಗದ ಮೇಲೆ ಒಂದು ಇಡೀ ಊರಾಗಿ, ಆ ಊರಿನ ಯಜಮಾನರಾಗಿ ನಿಂತು ಮಾತಾಡಿದರು. ನೋಡಲು ಕುಳಿತವರಲ್ಲಿ ಅವರಿಗೆ ದಿನಾ ಕೂಲಿ ಕೊಡುವವರೂ ಇದ್ದಿರಬೇಕು. ನಾಟಕದ ಗುಣಾವಗುಣಗಳನ್ನು ವಿಮರ್ಶಕರು ಎಷ್ಟು ಬೇಕಾದರೂ ಚರ್ಚಿಸಲಿ, ಆ ಸಂಜೆ ಯಾರು ಮಾತಾಡಿದರು, ಯಾರು ಕೂತು ಕೇಳಿದರು ಎಂಬುದನ್ನು ಮರೆಯುವಂತಿಲ್ಲ.

ಆ ಶಿಬಿರ ಅಲ್ಲಿಗೇ ಮುಗಿದಿದ್ದರೆ ಇಂದು ಅದರ ಪ್ರಸ್ತಾಪ ಬೇಕಿರಲಿಲ್ಲ. ಸಿದ್ದಿಗಳಿಗೂ ರಂಗಭೂಮಿಗೂ ಅಂದು ಬಿದ್ದ ಗಂಟು ಬಿಚ್ಚಿಕೊಳ್ಳಲಿಲ್ಲ. ಮುಂದಿನ ದಶಕಗಳಲ್ಲಿ ಸಿದ್ದಿ ತರುಣ ತರುಣಿಯರು ನೀನಾಸಂನ ಶಿಕ್ಷಣ ಪಡೆದರು, ‘ತಿರುಗಾಟ’ದ ಲಾರಿ ಏರಿ ಊರೂರು ಸುತ್ತಿದರು. ಗಿರಿಜಾ ಸಿದ್ದಿ ನಟಿಯಾಗಿ, ಗಾಯಕಿಯಾಗಿ ಹೆಸರಾದರು. ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ದಂಥ ಚಿತ್ರಗಳಿಂದ ಸಿನಿಮಾ ಪ್ರೇಕ್ಷಕರಿಗೂ ಪರಿಚಿತರಾದರು. ಮೊದಲ ತರಬೇತಿ ಮನೆಯ ಅಂಗಳದ ಹತ್ತಿರ ನಡೆದು, ಮುಂದಿನದನ್ನು ಬಯಸಿದವರು ತಾವಾಗಿ ಹೊರಟದ್ದು ಇಲ್ಲಿನ ವಿಶೇಷ.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ಪ್ರಯೋಗವಿದೆ. ಭಾರತ ಕ್ರೀಡಾ ಪ್ರಾಧಿಕಾರ 1987ರ ಸುಮಾರಿಗೆ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿಕೊಂಡಿತು. ಆಫ್ರಿಕದ ರಕ್ತ, ಓಟದಲ್ಲಿ ಪದಕ ತಂದೇ ತರುತ್ತಾರೆ ಎಂಬ ಎಣಿಕೆ. ಮಕ್ಕಳು ಊರು ಬಿಟ್ಟು ಕ್ರೀಡಾ ಹಾಸ್ಟೆಲುಗಳಿಗೆ ಹೋದರು. ಕೆಲವರು ರಾಷ್ಟ್ರಮಟ್ಟದಲ್ಲಿ ಓಡಿ ಪದಕಗಳನ್ನೂ ತಂದರು. 1993ರಲ್ಲಿ ಯೋಜನೆ ನಿಂತಿತು. ಹುಡುಗರು ಕಾಡಿನ ಹಳ್ಳಿಗಳಿಗೆ ಮರಳಿದರು. ಓಡಲು ಮೈದಾನವಿಲ್ಲ, ತಿದ್ದಲು ತರಬೇತುದಾರರಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ದಶಕದ ಕೆಲಸಗಳು. ಖರ್ಚಿನಲ್ಲಿ ಕ್ರೀಡಾ ಯೋಜನೆಯೇ ಬಹಳ ದೊಡ್ಡದು. ಆದರೆ ಅದರ ಬೇರು ದಿಲ್ಲಿಯಲ್ಲಿತ್ತು, ಅಲ್ಲಿ ಕಡಿದಾಗ ಇಲ್ಲಿ ಒಣಗಿತು. ನಾಟಕಕ್ಕೆ ಬೇಕಾದದ್ದು ಒಂದು ಅಂಗಳ, ನಾಲ್ಕಾರು ಜನ, ಒಂದು ಡಮಾಮಿ. ಈ ಡಮಾಮಿ ಸಿದ್ದಿಗಳ ಚರ್ಮವಾದ್ಯ, ಅದರ ಹೆಸರಿನಲ್ಲೇ ಅವರ ಕುಣಿತವೂ ಇದೆ. ಹಣ ನಿಂತರೂ ಡಮಾಮಿ ಉಳಿಯುತ್ತದೆ.

ಹಾಗೆಂದು ಆದಿವಾಸಿ ಕಲೆಯೆಂದರೆ ಎಲ್ಲವೂ ಹೆಮ್ಮೆಯದೇ, ಎಲ್ಲವನ್ನೂ ಮುಂದಿನ ತಲೆಮಾರಿಗೆ ದಾಟಿಸಲೇಬೇಕು ಎಂಬ ಉತ್ಸಾಹಕ್ಕೆ ಬೀಳಬಾರದು. ದಕ್ಷಿಣ ಕನ್ನಡ, ಉಡುಪಿಗಳ ಕೊರಗರನ್ನು ನೋಡಿ. ಡೋಲು, ಕೊಳಲು ಅವರದೇ ವಾದ್ಯಗಳು. ಆದರೆ ಊರಿನ ಜಾತ್ರೆಗೆ, ಕಂಬಳಕ್ಕೆ ಡೋಲು ಬಾರಿಸುವುದನ್ನು ಅವರ ಮೇಲೆ ಬಿಟ್ಟಿ ಚಾಕರಿಯಾಗಿ ಹೇರಲಾಗಿತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಉಣ್ಣಿಸುವ, ಕಂಬಳಕ್ಕೆ ಮೊದಲು ಕೋಣಗಳಂತೆ ಅವರನ್ನು ಓಡಿಸುವ ಪದ್ಧತಿಗಳೂ ಇದ್ದವು. ಇದಕ್ಕೆ ಅಜಲು ಎಂದು ಹೆಸರು. ರಾಜ್ಯ ಸರಕಾರ 2000ದಲ್ಲಿ ಪ್ರತ್ಯೇಕ ಕಾನೂನು ಮಾಡಿ ಅದನ್ನು ನಿಷೇಧಿಸಬೇಕಾಯಿತು. ಡೋಲಿನ ಸದ್ದು ಕೇಳಿದರೆ ತಲೆ ತಗ್ಗಿಸುವ ಹಿರಿಯ ಕೊರಗರಿದ್ದಾರೆ, ಅದೇ ಡೋಲನ್ನು ತಮ್ಮ ಹೆಮ್ಮೆಯ ಗುರುತಾಗಿ ವೇದಿಕೆಗೆ ತಂದ ಕೊರಗ ತರುಣರ ತಂಡಗಳೂ ಇವೆ. ಹೊರಗಿನಿಂದ ಹೋದ ತರಬೇತಿದಾರ ಮೊದಲ ದಿನವೇ ‘ಎಲ್ಲಿ, ಡೋಲು ತನ್ನಿ’ ಎಂದರೆ ಆತ ಯಾವ ಗಾಯವನ್ನು ಮುಟ್ಟಿದನೆಂಬುದು ಅವನಿಗೇ ಗೊತ್ತಿರುವುದಿಲ್ಲ. ಏನು ಕಲಿಸಬೇಕೆಂಬುದನ್ನು ಸಮುದಾಯವೇ ತೀರ್ಮಾನಿಸಬೇಕು ಎನ್ನುವುದು ಈ ಕಾರಣಕ್ಕೆ.

ಕಲೆಯೆಂದೊಡನೆ ವೇದಿಕೆ, ವಾದ್ಯಗಳೇ ನೆನಪಾಗುತ್ತವೆ. ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಮಾಡುವುದು ಲೆಕ್ಕಕ್ಕೆ ಬರುವುದಿಲ್ಲ. ಸಿದ್ದಿ ಹೆಂಗಸರ ಕೌದಿ ಅಂಥದು. ಹಳೆಯ ಸೀರೆಯೊಂದನ್ನು ಹಾಸಿ, ಹರಿದ ಅಂಗಿ, ಲಂಗ, ಪಂಚೆಗಳ ತುಂಡುಗಳನ್ನು ಇಟ್ಟು, ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೊದಲೇ ಬರೆದ ನಕ್ಷೆಯಿಲ್ಲ. ಕೈಗೆ ಸಿಕ್ಕ ಬಟ್ಟೆಯ ಬಣ್ಣ ನೋಡಿ ಮುಂದಿನ ತುಂಡು ಗೊತ್ತಾಗುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಪುಟ್ಟ ತ್ರಿಕೋನ ಇಡುತ್ತಾರೆ. ಅದನ್ನು ‘ಫೂಲ್’, ಅಂದರೆ ಹೂ, ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಗಳ ಅಧ್ಯಯನಕ್ಕೆ ಬಂದವರು ಈ ಕೌದಿಗಳನ್ನು ಕಂಡು ಬೆರಗಾದರು. 2004ರ ಸುಮಾರಿಗೆ ಹೆಂಗಸರದೇ ಕೌದಿ ಸಹಕಾರಿ ಕೂಟವೊಂದು ಹುಟ್ಟಿತು. ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು. ಇದನ್ನು ಕಲಿಯಲು ಹುಡುಗಿಯರು ಎಲ್ಲಿಗೂ ಹೋಗಬೇಕಿಲ್ಲ, ಹೇಳಿಕೊಡುವ ಅತ್ತೆಯೋ ಅಜ್ಜಿಯೋ ಪಕ್ಕದ ಮನೆಯಲ್ಲೇ ಇದ್ದಾರೆ. ಆ ಅಜ್ಜಿಗೆ ಗುರುವಿನ ಸ್ಥಾನ, ಗುರುವ ಸಂಭಾವನೆ ಕೊಡುವ ಪರಿಪಾಠ ಮಾತ್ರ ನಮ್ಮಲ್ಲಿ ಇನ್ನೂ ಸರಿಯಾಗಿ ಬೆಳೆದಿಲ್ಲ.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಮಾತನ್ನೇ ತೆಗೆದುಕೊಳ್ಳಿ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವೆಂದು ಹೆಸರಾದವರು. 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು ಬಹುಕಾಲದಿಂದ ಕೇಳುತ್ತಿದ್ದಾರೆ, ಅದು ಬೇರೆ ವಿಷಯ. ಶಾಲೆಯ ಮುಖ ಕಾಣದ ಈ ಹೆಣ್ಣುಮಗಳು ಇದ್ದಷ್ಟು ದಿನ ಕಲಿಯಲು ಬಂದವರಿಗೆಲ್ಲ ಹಾಡು ಹೇಳಿಕೊಟ್ಟರು. ಪ್ರಶಸ್ತಿ ಬಂದದ್ದು ಮುಪ್ಪಿನಲ್ಲಿ. ಮೂವತ್ತರ ವಯಸ್ಸಿನಲ್ಲಿ ತಿಂಗಳಿಗಿಷ್ಟು ಎಂದು ಕೊಟ್ಟು ನಾಲ್ಕು ಹುಡುಗಿಯರನ್ನು ಅವರ ಜೊತೆ ಬಿಟ್ಟಿದ್ದರೆ ಎಂದು ಈಗ ಯೋಚಿಸಿ ಫಲವಿಲ್ಲ. ಅಂಥ ಮೂವತ್ತರ ಪ್ರಾಯದವರು ಇಂದೂ ಇರಬಹುದಲ್ಲ, ಅವರನ್ನು ಹುಡುಕಬಹುದು.

ಊರು ಬಿಟ್ಟು ಹೊರಟ ಪ್ರತಿಭೆಗೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಜನಗಢ ಸಿಂಗ್ ಶ್ಯಾಮ್ ಅವರ ಬದುಕು ಸಾಕ್ಷಿ. ಪಾಟನ್‌ಗಢವೆಂಬ ಗೊಂಡರ ಹಳ್ಳಿಯ ಹುಡುಗ. ಭೋಪಾಲದ ಭಾರತ ಭವನಕ್ಕಾಗಿ ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ತಂಡ 1980ರ ದಶಕದ ಆರಂಭದಲ್ಲಿ ಹಳ್ಳಿಗಳನ್ನು ಸುತ್ತುವಾಗ ಗೋಡೆಯ ಮೇಲಿನ ಅವರ ಚಿತ್ರ ಕಂಡು ಭೋಪಾಲಕ್ಕೆ ಕರೆತಂದಿತು. 1989ರಲ್ಲಿ ಅವರ ಚಿತ್ರಗಳು ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿದ್ದವು. ಭೋಪಾಲದ ವಿಧಾನ ಭವನದ ಗೋಡೆಗಳ ಮೇಲೂ ಅವರ ಕೆಲಸವಿದೆ. 2001ರಲ್ಲಿ ಜಪಾನಿನ ನೀಗಾತಾ ಪ್ರಾಂತ್ಯದ ವಸ್ತುಸಂಗ್ರಹಾಲಯವೊಂದರಲ್ಲಿ ಚಿತ್ರ ಬರೆಯಲು ಹೋಗಿದ್ದಾಗ ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ ನಲವತ್ತರ ಆಸುಪಾಸಿನ ವಯಸ್ಸು.

ಆದರೆ ಜನಗಢರ ಕಥೆಯಲ್ಲಿ ದುರಂತವಷ್ಟೇ ಇಲ್ಲ. ಭೋಪಾಲದಲ್ಲಿದ್ದಾಗ ಅವರು ಊರಿನ ನೆಂಟರಿಷ್ಟರನ್ನು ಒಬ್ಬೊಬ್ಬರಾಗಿ ಮನೆಗೆ ಕರೆಸಿಕೊಂಡರು. ಅವರು ಜನಗಢರ ಮನೆಯಲ್ಲೇ ಉಂಡು, ಅವರ ಚಿತ್ರಗಳಿಗೆ ಚುಕ್ಕಿ ತುಂಬುತ್ತ, ಗೆರೆ ಎಳೆಯುತ್ತ ಕಲಿತರು. ಹಾಗೆ ಬಂದ ಭಜ್ಜು ಶ್ಯಾಮ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆ ಶೈಲಿಗೇ ‘ಜನಗಢ ಕಲಂ’ ಎಂದು ಹೆಸರಾಯಿತು. ಸಂಸ್ಥೆ ಒಬ್ಬನನ್ನು ಆರಿಸಿತು, ಆತ ಒಂದು ಇಡೀ ಕೇರಿಯನ್ನು ಬೆಳೆಸಿದ. ಇಂಟರ್ನ್‌ಶಿಪ್ ಎಂಬ ಮಾತನ್ನು ಅಲ್ಲಿ ಯಾರೂ ಬಳಸಿರಲಾರರು, ನಡೆದದ್ದು ಮಾತ್ರ ಅದೇ.

ನಮ್ಮ ಸರಕಾರದ ಬಳಿ ಹಣವಿಲ್ಲವೆಂದು ಹೇಳುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ಅನುಗುಣವಾಗಿ, ಅಂದರೆ ಶೇ 24.1ರಷ್ಟು, ಹಣವನ್ನು ತೆಗೆದಿಡಬೇಕೆಂದು ಕರ್ನಾಟಕ 2013ರಲ್ಲೇ ಕಾಯ್ದೆ ಮಾಡಿದೆ. ಸಂಸ್ಕೃತಿ ಇಲಾಖೆ, ಅಕಾಡೆಮಿಗಳು ಇದರಲ್ಲಿ ತರಬೇತಿ ಶಿಬಿರಗಳನ್ನು ನಡೆಸಿದ್ದೂ ಉಂಟು. ಕೊರತೆ ಕಾಣುವುದು ಬೇರೆ ಕಡೆ. ಶಿಬಿರ ಹತ್ತು ದಿನದ್ದಾಗಿರುತ್ತದೆ, ಜಿಲ್ಲಾ ಕೇಂದ್ರದ ಸಭಾಭವನದಲ್ಲಿರುತ್ತದೆ, ಕೊನೆಯ ದಿನ ಪ್ರಮಾಣಪತ್ರವಿರುತ್ತದೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಆತುರಾತುರವಾಗಿ ನಡೆಯುವುದೂ ಇದೆ. ಆಗ ಮಕ್ಕಳಿಗೆ ಪರೀಕ್ಷೆ.

ಮಹದೇವಪುರದವರಿಗೂ ಇದರಲ್ಲಿ ಪಾಲಿದೆ. 2013ರ ಕಂಪೆನಿ ಕಾಯ್ದೆಯಂತೆ ಒಂದು ಮಟ್ಟಕ್ಕಿಂತ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಶಾಲೆಗೆ ಬಣ್ಣ, ಕೆರೆಗೆ ಬೇಲಿ, ಗಿಡ ನೆಡುವುದು ಎಲ್ಲರಿಗೂ ಗೊತ್ತಿರುವ ದಾರಿಗಳು. ಅದೇ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪಾರಂಪರಿಕ ಕಲೆ ಮತ್ತು ಕರಕುಶಲ ಕಲೆಗಳ ಅಭಿವೃದ್ಧಿಯೂ ಇದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಎಷ್ಟು ಹಣ ಬೇಕಾದೀತು? ಉದಾಹರಣೆಗೆ ಒಂದು ಲೆಕ್ಕ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 349 ರೂಪಾಯಿ ಇತ್ತು. ವಾರಕ್ಕೆ ಆರು ದಿನದಂತೆ ಎಂಟು ವಾರವೆಂದರೆ 48 ದಿನ. ಒಬ್ಬರಿಗೆ 16,752 ರೂಪಾಯಿ. ಹತ್ತು ಮಂದಿ ತರುಣ ತರುಣಿಯರು, ಹೇಳಿಕೊಡುವ ಇಬ್ಬರು ಹಿರಿಯರು, ಒಟ್ಟು ಹನ್ನೆರಡು ಮಂದಿಗೆ 2,01,024 ರೂಪಾಯಿ. ಹಿರಿಯರಿಗೂ ಕಲಿಯುವವರಷ್ಟೇ ಕೊಡುವುದು ಸರಿಯಲ್ಲ, ಅವರಿಗೆ ಎರಡರಷ್ಟು ಕೊಟ್ಟರೆ ಇನ್ನೂ 33,504 ರೂಪಾಯಿ ಸೇರುತ್ತದೆ. ವಾದ್ಯದ ಚರ್ಮ, ದಾರ, ಬಣ್ಣ, ಮಧ್ಯಾಹ್ನದ ಊಟ ಬೇರೆ. ಮನೆ ಬಾಡಿಗೆ, ಬಸ್ ಚಾರ್ಜು ಮಾತ್ರ ಇಲ್ಲ, ಏಕೆಂದರೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಇರುತ್ತಾರೆ.

ದಿನ ಗೊತ್ತುಮಾಡುವ ಕೆಲಸವೊಂದು ಉಳಿಯುತ್ತದೆ. ಶಾಲೆಗಳಿಗೆ ರಜೆ ಬೀಳುವುದು ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ. ಹೆಜ್ಜೇನು ಯಾವಾಗ ತುಂಬುತ್ತದೆ, ಯಾವ ದಿನಗಳಲ್ಲಿ ಗಂಡಸರು ಕಾಡಿನಲ್ಲಿರುತ್ತಾರೆ, ಊರ ಹಬ್ಬ ಯಾವತ್ತು ಎಂಬುದು ಪೋಡಿನ ಯಜಮಾನರಿಗೇ ಗೊತ್ತು. ಬೇಸಿಗೆಯಲ್ಲಿ ತಾಲೀಮು ನಡೆಯಬೇಕಾದರೆ ಸಂಕ್ರಾಂತಿ ಕಳೆದ ಕೂಡಲೇ ಯಾರಾದರೂ ಅಲ್ಲಿಗೆ ಹೋಗಿ ಅವರೊಡನೆ ಕುಳಿತು ಮಾತಾಡಿ ಬರಬೇಕಾಗುತ್ತದೆ.